ಗಂಜಿ ಕೇಂದ್ರದಲ್ಲಿ ಒಂದು ಬಿ.ಪಿ. ಕೋಣೆ

2019ರ ಆಗಸ್ಟ್‌ನಲ್ಲಿ ಕದ್ರಾ ಡ್ಯಾಮಿನಿಂದ ನೀರು ಬಿಟ್ಟು ಕಾಳಿ ನದಿ ದಂಡೆಯ ಊರುಗಳು ಮುಳುಗಿದಾಗ ನಾನು ಕಾರವಾರ ತಾಲೂಕಿನಲ್ಲಿ ಎ.ಎನ್.ಎಂ., ಅಂದರೆ ಊರೂರಿಗೆ ಹೋಗುವ ಸರ್ಕಾರಿ ಆರೋಗ್ಯ ಸಹಾಯಕಿ, ಆಗಿದ್ದೆ. ಶಾಲೆಯೊಂದರಲ್ಲಿ ಗಂಜಿ ಕೇಂದ್ರ ತೆರೆದಿದ್ದರು. ಹೋದವಳೇ ಹಾಲ್‌ ನಡುವೆ ನಿಂತು, "ಹೆಂಗಸರಿಗೆ ಏನಾದ್ರೂ ತೊಂದ್ರೆ ಇದ್ಯಾ?" ಅಂತ ಕೇಳಿದೆ. ಗಂಡ, ಅತ್ತೆ, ಪಕ್ಕದ ಮನೆಯವರು, ಪಂಚಾಯ್ತಿ ಮೆಂಬರು ಎಲ್ಲ ಅಲ್ಲೇ ಕೂತಿದ್ದಾರೆ. ಯಾರು ಬಾಯಿ ಬಿಡುತ್ತಾರೆ? ರಿಪೋರ್ಟಿನಲ್ಲಿ 'ತೊಂದರೆ ಇಲ್ಲ' ಅಂತ ಬರೆದು ಬಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

2021ರ ಜುಲೈನಲ್ಲಿ ಮತ್ತೆ ನೀರು ಬಂತು. ಆ ಸಲ ಕೊರೊನಾ ಬೇರೆ. ಒಬ್ಬೊಬ್ಬರನ್ನೇ ಒಳಗೆ ಕರೆದು ಜ್ವರ ನೋಡಬೇಕಿತ್ತು, ಅದೇ ನನಗೆ ಅನುಕೂಲವಾಯಿತು. ಹೆಡ್‌ಮಾಸ್ತರ ಕೋಣೆ ಕೇಳಿ ತಗೊಂಡೆ, ಕಿಟಕಿಗೆ ಹಳೆ ಸೀರೆ ಕಟ್ಟಿದೆ, ಬಾಗಿಲ ಹೊರಗೆ ಆಶಾ ಕಾರ್ಯಕರ್ತೆ, ನಮ್ಮ ಆಶಾ ಅಕ್ಕ, ಕೂತರು. ಎಲ್ಲರಿಗೂ ಹೇಳಿದ್ದು "ಬಿ.ಪಿ. ನೋಡ್ತೇವೆ" ಅಂತ ಅಷ್ಟೇ. ಬಿ.ಪಿ. ಅಂದ್ರೆ ಯಾವ ಅತ್ತೆಗೂ ಅನುಮಾನ ಬರುವುದಿಲ್ಲ, ಅಲ್ವಾ? ತಾನೂ ಬಂದು ನೋಡಿಸಿಕೊಂಡು ಹೋಗುತ್ತಾಳೆ.

ಬಾಗಿಲು ಹಾಕಿದ ಮೇಲೆ ಮಾತು ಬಂತು. ಪ್ಯಾಡ್ ಇಲ್ಲ, ಬಟ್ಟೆ ಬಳಸಿದರೆ ಒಣಗಿಸಲು ಮರೆ ಇಲ್ಲ. ಬಸುರು ತಡೆಯಲು ದಿನಾ ನುಂಗುವ ಮಾಲಾ-ಎನ್ ಗುಳಿಗೆ ಮನೆಯ ಜೊತೆ ನೀರಿಗೆ ಹೋಗಿದೆ, ನಾಲ್ಕು ದಿನ ತಪ್ಪಿದೆ. ಇನ್ನೊಬ್ಬಳಿಗೆ ಅಂತರ, ಅಂದರೆ ಮೂರು ತಿಂಗಳಿಗೊಮ್ಮೆ ಹಾಕಿಸುವ ಗರ್ಭನಿರೋಧಕ ಇಂಜೆಕ್ಷನ್, ಹಾಕಿಸಿ ಮೂರು ತಿಂಗಳು ತುಂಬಿದೆ, ಗಂಡನಿಗೆ ಗೊತ್ತಿಲ್ಲ. ಎಲ್ಲಕ್ಕಿಂತ ಜಾಸ್ತಿ ಕೇಳಿದ್ದು ಶೌಚಾಲಯದ ಮಾತು. ಅಂಗಳದಾಚೆ ಇದೆ, ಬಲ್ಬ್ ಇಲ್ಲ, ಒಳಗೆ ಚಿಲಕ ಇಲ್ಲ, ಗಂಡಸರು ಅಲ್ಲೇ ಜಗಲಿಯಲ್ಲಿ ಕೂತು ಬೀಡಿ ಸೇದುತ್ತಾರೆ. ಹಾಗಾಗಿ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದರು. ಎಂಟು ತಿಂಗಳ ಬಸುರಿಯೊಬ್ಬಳಿಗೆ ಆಗಲೇ ಉರಿಮೂತ್ರ ಶುರುವಾಗಿತ್ತು. ಬಲ್ಬ್ ಹಾಕಿಸಿ ಅಂದರೆ "ಮೊದಲು ಊಟದ ವ್ಯವಸ್ಥೆ ಆಗ್ಲಿ ಮೇಡಂ" ಅಂತ ಕೇಂದ್ರ ನೋಡಿಕೊಳ್ಳುವವರು ಅಂದರು. ಚಿಲಕ ನಾನೇ ತಂದೆ, ಅಡುಗೆಯವರ ಮಗ ಹೊಡೆದುಕೊಟ್ಟ.

ಬಸುರಿಯರ ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಎಷ್ಟೋ ಜನರದ್ದು ಹೋಗಿತ್ತು. ಆಶಾ ಅಕ್ಕನ ಡೈರಿ ನೋಡಿ ಯಾರಿಗೆ ದಿನ ಹತ್ತಿರ ಬಂದಿದೆ ಅಂತ ಗುರುತು ಹಾಕಿಕೊಂಡೆವು. ಇಬ್ಬರನ್ನು ನೋವು ಬರುವ ಮೊದಲೇ, ರಸ್ತೆ ಇರುವಾಗಲೇ ಕಾರವಾರಕ್ಕೆ ಕಳಿಸಿದೆವು. 108 ಗಾಡಿ ನೀರಿನ ಮೇಲೆ ಬರುವುದಿಲ್ಲವಲ್ಲ.

ಮೂರನೇ ದಿನ ಒಬ್ಬಳು ಬಂದಳು. ತೋಳಿಗೆ ಪಟ್ಟಿ ಸುತ್ತಲು ಹೋದರೆ ಕೈ ಹಿಂದೆಳೆದಳು. ರವಿಕೆ ತೋಳಿನ ಕೆಳಗೆ ನೀಲಿ ಕಟ್ಟಿತ್ತು. "ಯಾರು ಹೊಡೆದದ್ದು?" ಅಂತ ನಾನು ಕೇಳಲಿಲ್ಲ. ಇನ್ನೊಂದು ತೋಳಿಗೆ ಸುತ್ತಿದೆ, ಸುಮ್ನೆ ಕೂತೆ. ಆಮೇಲೆ ಅವಳೇ ಕೊಂಕಣಿಯಲ್ಲಿ ಹೇಳಿದಳು. ಪೊಲೀಸ್ ಬೇಡ ಅಂದಳು. ಸರಿ ಅಂದೆ. ಮೊದಲಾಗಿದ್ದರೆ ಬುದ್ಧಿ ಹೇಳುತ್ತಿದ್ದೆನೋ ಏನೋ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು ಅಂತ ಮಾತ್ರ ಹೇಳಿದೆ, ಚೀಟಿಯಲ್ಲಿ ಬರೆದು ಕೊಡಲಿಲ್ಲ, ಚೀಟಿ ಗಂಡನ ಕೈಗೆ ಸಿಕ್ಕರೆ ಇನ್ನೊಂದು ಪೆಟ್ಟು. ಮೂರೇ ಅಂಕೆ, ಎರಡು ಸಲ ಬಾಯಲ್ಲಿ ಹೇಳಿಸಿದೆ. ರಿಜಿಸ್ಟರಿನಲ್ಲಿ ಅವಳ ಮುಂದೆ ಬಿ.ಪಿ. ಸಂಖ್ಯೆ ಮಾತ್ರ ಇದೆ. ನೀರಿಳಿದ ಮೇಲೆ ತವರಿಗೆ ಹೋದಳು ಅಂತ ಕೇಳಿದೆ.

ಆಮೇಲೆ ಒಂದು ತರಬೇತಿಯಲ್ಲಿ ಗೊತ್ತಾಯಿತು, ಯುದ್ಧ, ನೆರೆ, ಭೂಕಂಪ ಏನೇ ಆಗಲಿ, ಮೊದಲ 48 ಗಂಟೆಯೊಳಗೆ ಶುರು ಮಾಡಬೇಕಾದ ಕೆಲಸಗಳ ಪಟ್ಟಿಯೇ ಇದೆಯಂತೆ, ಮಿಸ್ಪ್ (MISP, ಕನಿಷ್ಠ ಆರಂಭಿಕ ಸೇವೆಗಳ ಕಟ್ಟು) ಅಂತಾರೆ. ಹೆರಿಗೆ, ಗರ್ಭನಿರೋಧಕ, ಎಚ್‌ಐವಿ, ಅತ್ಯಾಚಾರಕ್ಕೆ ಒಳಗಾದವರ ಆರೈಕೆ ಎಲ್ಲ ಅದರಲ್ಲಿದೆ. ಈ ಕೊನೆಯ ಥರದ ಕೇಸು ನನ್ನ ಕೈಗೆ ಇನ್ನೂ ಬಂದಿಲ್ಲ. ಬಂದರೆ ಗಡಿಯಾರ ನೋಡಬೇಕು: ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಬಸುರು ತಡೆಯುವ ಗುಳಿಗೆ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ದೂರು ಕೊಟ್ಟು ಬಾ, ಆಮೇಲೆ ಚಿಕಿತ್ಸೆ ಅಂತ ಯಾವ ಆಸ್ಪತ್ರೆಯೂ ಹೇಳುವ ಹಾಗಿಲ್ಲ, ದುಡ್ಡೂ ಕೇಳುವ ಹಾಗಿಲ್ಲ. ಆದರೆ ಆಸ್ಪತ್ರೆ ಪೊಲೀಸರಿಗೆ ತಿಳಿಸುತ್ತದೆ ಅನ್ನುವುದನ್ನೂ ಅವಳಿಗೆ ಮೊದಲೇ ಹೇಳಬೇಕು, ಮುಚ್ಚಿಡಬಾರದು.

ಈಗ ಜೂನ್ ಬಂದರೆ ನನ್ನ ಚೀಲದಲ್ಲಿ ಬಿ.ಪಿ. ಮಿಷನ್, ಪ್ಯಾಡ್, ಗುಳಿಗೆಗಳ ಜೊತೆ ಎರಡು ಚಿಲಕ, ಒಂದು ಸ್ಕ್ರೂಡ್ರೈವರ್ ಇರುತ್ತವೆ. ಕಳೆದ ಸಲ ಆಶಾ ಅಕ್ಕ ನೋಡಿ, "ಏನ್ ಸಿಸ್ಟರೇ, ಬಡಗಿ ಕೆಲಸಕ್ಕೂ ಹೊರಟ್ರಾ?" ಅಂತ ನಕ್ಕರು.