ಹಾಯಿದೋಣಿಯ ಚೈನ್‌ಪ್ಲೇಟ್ ಬದಲಿಸುವಾಗ ಯಾವ ಲೋಹ ತರಬೇಕು?

ಹಾಯಿಕಂಬವನ್ನು ಎರಡೂ ಬದಿಯಿಂದ ಎಳೆದು ನಿಲ್ಲಿಸುವ ಶ್ರೌಡ್ ತಂತಿಗಳು ದೋಣಿಯ ಮೈಗೆ ಸೇರುವುದು ಚೈನ್‌ಪ್ಲೇಟ್ ಎಂಬ ಲೋಹದ ಪಟ್ಟಿಯ ಮೂಲಕ. ಒಂದು ಪಟ್ಟಿ ಮುರಿದರೂ ಕಂಬ ಬೀಳಬಹುದು. ಅದು ಹೆಚ್ಚಾಗಿ ಮುರಿಯುವುದು ಡೆಕ್ಕನ್ನು (ದೋಣಿಯ ಮೇಲ್ಹಾಸು) ದಾಟುವ ಸೀಳಿನೊಳಗೆ, ನೀರು ತಡೆಯುವ ಸೀಲಂಟ್ ಮುಚ್ಚಿರುವ ಒಂದೆರಡು ಅಂಗುಲದಲ್ಲಿ. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವ ಕ್ರೋಮಿಯಂ ಆಕ್ಸೈಡ್ ಪದರ ಸವೆದಲ್ಲಿ ಮತ್ತೆ ಕಟ್ಟಿಕೊಳ್ಳಲು ಆಮ್ಲಜನಕ ಬೇಕು. ಸೀಳಿನೊಳಗೆ ಉಪ್ಪುನೀರು ಇಳಿಯುತ್ತದೆ, ಗಾಳಿ ಆಡುವುದಿಲ್ಲ. ಮೊದಲು ಸಣ್ಣ ಗುಳಿ ಬೀಳುತ್ತದೆ, ಆಮೇಲೆ ಗುಳಿಯಿಂದ ಬಿರುಕು ಏಳುತ್ತದೆ. ಲೋಹ ಆರಿಸುವಾಗ ಕಣ್ಣಿಗೆ ಬೀಳದ ಈ ಜಾಗವನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಹಲಸೂರು ಕೆರೆಯಂಥ ಸಿಹಿನೀರಿನಲ್ಲೇ ಇರುವ ಚಿಕ್ಕ ದೋಣಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಕು. ಮಂಗಳೂರು, ಕಾರವಾರದ ಕಡೆ ಸಮುದ್ರಕ್ಕೆ ಇಳಿಯುವುದಾದರೆ 316ಎಲ್‌ಗಿಂತ ಕೆಳಗೆ ಇಳಿಯಬೇಡಿ. ಅದರಲ್ಲಿರುವ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಉಪ್ಪಿನ ಹೊಡೆತವನ್ನು ತಡೆಯುತ್ತದೆ, ಆದರೂ ಸೀಳಿನೊಳಗೆ ಪೂರ್ತಿ ನಂಬುವ ಹಾಗಿಲ್ಲ. 2205 ಡೂಪ್ಲೆಕ್ಸ್ ಎಂಬ ಸ್ಟೇನ್‌ಲೆಸ್ ಇನ್ನೂ ಒಳ್ಳೆಯದು. ಅದರ ಯೀಲ್ಡ್ ಬಲ (ಲೋಹ ಮರಳಿ ನೆಟ್ಟಗಾಗದಂತೆ ಬಾಗತೊಡಗುವ ಒತ್ತಡ) 450 ಮೆಗಾಪ್ಯಾಸ್ಕಲ್, 316ಎಲ್‌ನದು 170. ಗ್ರೇಡ್ 5 ಟೈಟಾನಿಯಂಗೆ ಸಮುದ್ರದ ನೀರಿನಲ್ಲಿ ಈ ಥರ ಗುಳಿ ಬೀಳುವುದೇ ಇಲ್ಲ. ತೂಕ ಉಕ್ಕಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಯೀಲ್ಡ್ ಬಲ 830ರ ಆಸುಪಾಸು. ಬೆಲೆ ಜಾಸ್ತಿ, ಆದರೆ ಬಿಚ್ಚಿ ನೋಡಲಾಗದ ಕಡೆ ಕೂರುವ ಪಟ್ಟಿಗೆ ಅಷ್ಟು ಕೊಡುವುದು ಸರಿ. ಸಿಲಿಕಾನ್ ಬ್ರಾಂಜ್ ಕೂಡ ಗಾಳಿಯಿಲ್ಲದ ಸೀಳನ್ನು ಸಹಿಸುತ್ತದೆ. ಬಲ ಕಡಿಮೆ, ಹಾಗಾಗಿ ಪಟ್ಟಿ ದಪ್ಪವಾಗಬೇಕು, ಬೋಲ್ಟ್‌ಗಳೂ ಬ್ರಾಂಜ್‌ನವೇ ಇರಬೇಕು.

ಬೆಂಗಳೂರಿನಲ್ಲಿ ಸ್ಟೇನ್‌ಲೆಸ್ ಸಿಗುವುದು ಕಷ್ಟವಲ್ಲ, ಸಿಕ್ಕಿದ್ದು 316ಎಲ್ ಹೌದೋ ಅಲ್ಲವೋ ಎಂದು ತಿಳಿಯುವುದೇ ಕಷ್ಟ. ಅಯಸ್ಕಾಂತ ಹಿಡಿದು ನೋಡಿ ನಂಬಬೇಡಿ: 304, 316, ನಿಕಲ್ ಕಡಿಮೆ ಇರುವ ಅಗ್ಗದ 200 ಸರಣಿ, ಯಾವುದೂ ಅಷ್ಟಾಗಿ ಅಂಟುವುದಿಲ್ಲ. ಕಾರ್ಖಾನೆ ಕೊಡುವ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರ ಹೀಟ್ ನಂಬರ್ (ಲೋಹ ಕರಗಿಸಿದ ಕಂತಿನ ಸಂಖ್ಯೆ) ಪ್ಲೇಟಿನ ಮೇಲಿನ ನಂಬರಿಗೆ ತಾಳೆಯಾಗುತ್ತದೆಯೇ ನೋಡಿ. ಗುಜರಿ ತುಂಡಾದರೆ ಲ್ಯಾಬ್‌ನಲ್ಲಿ ಎಕ್ಸ್‌ಆರ್‌ಎಫ್ ಗನ್ (ಎಕ್ಸ್‌ರೇಯಿಂದ ಲೋಹದ ಅಂಶಗಳನ್ನು ಅಳೆಯುವ ಸಾಧನ) ಹಿಡಿಸಿ, ಮಾಲಿಬ್ಡಿನಂ ಶೇ. 2 ದಾಟಿದೆಯೇ ಖಚಿತ ಮಾಡಿಕೊಳ್ಳಿ. ಬೋಲ್ಟ್ ತಲೆಯ ಮೇಲೆ ಎ4-70 ಎಂದು ಇರಬೇಕು. ಎ2 ಅಂದರೆ 304 ವರ್ಗದ್ದು.

ಅಳತೆಗೆ ಹಳೆಯ ಪಟ್ಟಿಯನ್ನೇ ನಕಲು ಮಾಡುವ ಮೊದಲು ಒಂದು ಲೆಕ್ಕ ಹಾಕಿ. 19 ಎಳೆ ಹೊಸೆದ (1×19) 6 ಮಿ.ಮೀ. ಶ್ರೌಡ್ ತಂತಿ ಸುಮಾರು 28 ಕಿಲೋನ್ಯೂಟನ್‌ಗೆ ಹರಿಯುತ್ತದೆ. ತಂತಿ ಹರಿದರೂ ಪಟ್ಟಿ ಬಾಗಬಾರದು. 40 ಮಿ.ಮೀ. ಅಗಲದಲ್ಲಿ 13 ಮಿ.ಮೀ. ಪಿನ್ ತೂತು ಕಳೆದರೆ 27 ಉಳಿಯುತ್ತದೆ. 6 ಮಿ.ಮೀ. ದಪ್ಪಕ್ಕೆ 162 ಚದರ ಮಿ.ಮೀ.; 316ಎಲ್‌ನ ಯೀಲ್ಡ್ ಬಲ 170ರಿಂದ ಗುಣಿಸಿದರೆ 27.5 ಕಿಲೋನ್ಯೂಟನ್, ಅಂಚಿನಲ್ಲಿ ನಿಂತ ಹಾಗೆ. 8 ಮಿ.ಮೀ. ಹಾಕಿದರೆ 36.7. ತೂತಿನ ನಡುವಿನಿಂದ ಪಟ್ಟಿಯ ತುದಿಗೆ ಕನಿಷ್ಠ 20 ಮಿ.ಮೀ. ಬಿಡಿ. ದಪ್ಪ ಹೆಚ್ಚಿಸುವ ಮುನ್ನ ತಂತಿಯನ್ನು ಬಿಗಿ ಮಾಡುವ ಟರ್ನ್‌ಬಕಲ್‌ನ ಕವೆಯ ಸಂದು ಅಳೆಯಿರಿ. ಹೊಸ ಪಟ್ಟಿ ಅದರಲ್ಲಿ ಕೂರದಿದ್ದರೆ ಎಲ್ಲ ಕೆಲಸವೂ ವ್ಯರ್ಥ.

ಕತ್ತರಿಸುವ ಕೆಲಸ ಪೀಣ್ಯದಲ್ಲಿ ಆಗುತ್ತದೆ. ವಾಟರ್‌ಜೆಟ್ ಸಿಕ್ಕರೆ ಅದೇ ಇರಲಿ. ಟೈಟಾನಿಯಂಗಂತೂ ಅದೇ ಬೇಕು, ಗಾಳಿಯಲ್ಲಿ ಸುಟ್ಟು ಕತ್ತರಿಸಿದರೆ ಅಂಚು ಪೆಡಸಾಗುತ್ತದೆ. ಸ್ಟೇನ್‌ಲೆಸ್‌ಗೆ ಲೇಸರ್ ಆದೀತು, ನೈಟ್ರೋಜನ್ ಗ್ಯಾಸ್‌ನಲ್ಲೇ ಮಾಡಿಸಿ. ಪಿನ್ ತೂತನ್ನು 1 ಮಿ.ಮೀ. ಚಿಕ್ಕದಾಗಿ ಕತ್ತರಿಸಿ, ಆಮೇಲೆ ಕೋಬಾಲ್ಟ್ ಡ್ರಿಲ್‌ನಲ್ಲಿ ನಿಧಾನ ವೇಗ, ಬಿಡದ ಒತ್ತಡದಿಂದ ಅಳತೆಗೆ ತನ್ನಿ. ಡ್ರಿಲ್ ಕಚ್ಚದೆ ಉಜ್ಜಿದರೆ ಲೋಹ ಅಲ್ಲೇ ಗಡುಸಾಗುತ್ತದೆ. ಮೈಲ್ಡ್ ಸ್ಟೀಲ್ ಉಜ್ಜಿದ ಗ್ರೈಂಡರ್ ಡಿಸ್ಕ್ ಇದಕ್ಕೆ ತಾಗಿಸಲು ಬಿಡಬೇಡಿ: ಕಬ್ಬಿಣದ ಕಣಗಳು ಮೈಯಲ್ಲಿ ಹೂತು, ಮೊದಲ ಮಳೆಗೇ ತುಕ್ಕಿನ ಚುಕ್ಕೆ ಏಳುತ್ತದೆ. ಹೊಸ ಡಿಸ್ಕ್ ಕೊಂಡು ನೀವೇ ಕೊಟ್ಟುಬಿಡಿ. ಅಂಚುಗಳನ್ನು ದುಂಡಗೆ ಮಾಡಿಸಿ, ಪಿಕ್ಲಿಂಗ್ ಪೇಸ್ಟ್ (ಮೈ ಶುಚಿ ಮಾಡುವ ಆಮ್ಲದ ಲೇಪ) ಹಚ್ಚಿ ತೊಳೆಸಿ, ಕನ್ನಡಿಯಂತೆ ಪಾಲಿಶ್ ಮಾಡಿಸಿ. ನುಣುಪಾದ ಮೈಯಲ್ಲಿ ಗುಳಿಗೆ ನೆಲೆ ಸಿಗುವುದಿಲ್ಲ. ವೆಲ್ಡಿಂಗ್ ಬೇಡುವ ವಿನ್ಯಾಸವನ್ನು ಆದಷ್ಟೂ ಬಿಟ್ಟುಬಿಡಿ.

ಕೂರಿಸುವಾಗ ಡೆಕ್ಕಿನ ಸೀಳನ್ನು ಸ್ವಲ್ಪ ಅಗಲ ಮಾಡಿ, ಒಳಗಿನ ಮರ ಮೆತ್ತಗಾಗಿದ್ದರೆ ಕೆತ್ತಿ ತೆಗೆದು ಎಪಾಕ್ಸಿ ತುಂಬಿ. ಅದು ಗಟ್ಟಿಯಾದ ಮೇಲೆ ಹೊಸ ಸೀಳು ಕೊರೆಯಿರಿ. ಹೀಗೆ ಮಾಡಿದರೆ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ. ಸುತ್ತ ಬ್ಯುಟೈಲ್ ಟೇಪ್ ಹಾಕಿ, ಪಾಲಿಯುರೆಥೇನ್ ಅಂಟು ಬೇಡ, ಮುಂದೆ ಬಿಚ್ಚುವವರು ಡೆಕ್ಕನ್ನೇ ಒಡೆಯಬೇಕಾಗುತ್ತದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಒಳಗಿನ ಪ್ಲೈವುಡ್ ಗೋಡೆಗೆ ಟಾರ್ಚ್ ಹಿಡಿದು ನೋಡಿ. ಬೋಲ್ಟ್ ಕೆಳಗೆ ಕಂದು ಗೆರೆ ಕಂಡರೆ ಮೇಲಿಂದ ಇನ್ನಷ್ಟು ಸೀಲಂಟ್ ಬಳಿಯಬೇಡಿ. ಪಟ್ಟಿಯನ್ನು ಪೂರ್ತಿ ಹೊರಗೆಳೆದು ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣ, ಅಂದರೆ ಡೈ ಪೆನೆಟ್ರಂಟ್, ಹಚ್ಚಿ ಒರೆಸಿ. ಆಮೇಲೆ ಹಚ್ಚುವ ಬಿಳಿ ಡೆವಲಪರ್ ಪುಡಿಯ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿದರೂ ಆ ಪಟ್ಟಿ ಗುಜರಿಗೆ.