ತೂಕ ಇಳಿಸುವ ಆಪರೇಷನ್: ಮನೆ, ಮನಸ್ಸು, ಊಟದ ಎಲೆ ಹೊಂದಿಸಿಕೊಳ್ಳುವ ಬಗೆ

ತೂಕ ಇಳಿಸುವ ಬೇರಿಯಾಟ್ರಿಕ್ ಆಪರೇಷನ್‌ಗಳಲ್ಲಿ ಒಂದಾದ ಸ್ಲೀವ್‌ನಲ್ಲಿ ಜಠರದ ಶೇಕಡಾ 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಇನ್ನೊಂದು ಬಗೆಯಾದ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಎಂ.ಎಲ್. ಹಿಡಿಯುವ ಸಣ್ಣ ಚೀಲ ಮಾಡಿ ಅದನ್ನು ಸಣ್ಣಕರುಳಿಗೆ ಜೋಡಿಸುತ್ತಾರೆ. ಇಷ್ಟು ಡಾಕ್ಟರ ಕೆಲಸ, ಕೆಲವೇ ಗಂಟೆಗಳದ್ದು. ಸಂಜೆ ನಾಲ್ಕರ ಚಹಾ, ಬೇಸರವಾದಾಗ ತಿಂಡಿ ಡಬ್ಬಿಯ ಕಡೆ ಹೋಗುವ ಕೈ, "ಇನ್ನೊಂದು ಸೌಟು ಹಾಕ್ತೇನೆ" ಎನ್ನುವ ನೆಂಟರು, ಇವೆಲ್ಲ ಮೊದಲಿದ್ದ ಹಾಗೆಯೇ ಇರುತ್ತವೆ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರದ ಕಡೆಯಿಂದ ಮಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡವರು ಕೆಲವೇ ದಿನಗಳಲ್ಲಿ ತಲಪಾಡಿ ಗಡಿ ದಾಟಿ ಮನೆಗೆ ಬರುತ್ತಾರೆ. ಕಷ್ಟ ಶುರುವಾಗುವುದು ಆ ಮೇಲೆ. ಅದಕ್ಕೆ ತಯಾರಿ ಕನಿಷ್ಠ ಆರು ವಾರ ಮೊದಲೇ ಶುರುವಾಗಬೇಕು.

ಮೊದಲ ಕೆಲಸ ಒಂದು ನೋಟ್‌ಬುಕ್

ಎರಡು ವಾರ, ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ: ಎಷ್ಟು ಗಂಟೆಗೆ, ಎಲ್ಲಿ ಕೂತು, ಯಾರ ಜೊತೆ, ಆಗ ಹಸಿವು ಇತ್ತೋ ಇಲ್ಲವೋ. ಕ್ಯಾಲೊರಿ ಲೆಕ್ಕ ಬೇಡ. ಎರಡು ವಾರ ಕಳೆದ ಮೇಲೆ ಹಸಿವಿಲ್ಲದೆ ತಿಂದ ಹೊತ್ತುಗಳಿಗೆ ಗೆರೆ ಎಳೆಯಿರಿ. ಹೆಚ್ಚಿನವರಿಗೆ ಅದು ಮೂರು-ನಾಲ್ಕು ಹೊತ್ತುಗಳಲ್ಲೇ ಬಂದು ನಿಲ್ಲುತ್ತದೆ: ಮಧ್ಯಾಹ್ನದ ನಿದ್ರೆ ಎದ್ದ ಕೂಡಲೇ, ಮನೆಯವರೊಡನೆ ಮಾತಿಗೆ ಮಾತು ಬೆಳೆದ ಮೇಲೆ, ಎಲ್ಲರೂ ಮಲಗಿದ ನಂತರ ಮೊಬೈಲ್ ಹಿಡಿದು ಕೂತಾಗ. ಪ್ರತಿಯೊಂದಕ್ಕೂ ಬದಲಿಯಾಗಿ ಏನು ಮಾಡುತ್ತೀರಿ ಎಂದು ಪಕ್ಕದಲ್ಲೇ ಬರೆದು ಆಪರೇಷನ್‌ಗೆ ಮೊದಲೇ ಮಾಡಿ ನೋಡಿ. ತೋಟಕ್ಕೆ ಒಂದು ಸುತ್ತು, ಒಬ್ಬ ನಿರ್ದಿಷ್ಟ ಸ್ನೇಹಿತರಿಗೆ ಫೋನ್, ಸ್ನಾನ, ಯಾವುದಾದರೂ ಆದೀತು. ಆಪರೇಷನ್ ಆದ ಮೇಲೆ ತಿನ್ನುವ ದಾರಿ ಮುಚ್ಚಿರುತ್ತದೆ, ಬೇಸರ ಮಾತ್ರ ಬಂದೇ ಬರುತ್ತದೆ. ಆಗ ಹೊಸ ಅಭ್ಯಾಸ ಹುಡುಕಲು ತ್ರಾಣ ಇರುವುದಿಲ್ಲ.

ಆ ನೋಟ್‌ಬುಕ್ಕನ್ನು ಕೌನ್ಸೆಲರ್ ಹತ್ತಿರ ತೆಗೆದುಕೊಂಡು ಹೋಗಿ. ಕದ್ದು ತಿನ್ನುವುದು, ಒಮ್ಮೆ ಶುರು ಮಾಡಿದರೆ ನಿಲ್ಲಿಸಲಾಗದೆ ತಿನ್ನುವುದು, ಕುಡಿತ, ಹಿಂದೆ ಆದ ಖಿನ್ನತೆ, ಯಾವುದನ್ನೂ ಮುಚ್ಚಿಡಬೇಡಿ. ಹೇಳಿದರೆ ಆಪರೇಷನ್ ಮಾಡಲಿಕ್ಕಿಲ್ಲ ಎಂಬ ಹೆದರಿಕೆ ಅನೇಕರಿಗೆ. ಹೆಚ್ಚಾಗಿ ಆಗುವುದು ಆಪರೇಷನ್ ಸ್ವಲ್ಪ ಮುಂದಕ್ಕೆ ಹೋಗುವುದು, ಆ ಹೊತ್ತಿನಲ್ಲಿ ಸರಿಯಾದ ಚಿಕಿತ್ಸೆ ಸಿಗುವುದು. ಈ ಮಾತುಕತೆ ನಿಮ್ಮ ಮನೆಮಾತಿನಲ್ಲೇ ಆಗಲಿ. ಮಲೆಯಾಳ ವ್ಯವಹಾರಕ್ಕೆ ಬರುತ್ತದೆ, ನಿಜ. ಆದರೆ ನಾಚಿಕೆಯ ವಿಷಯ ಹೇಳುವಾಗ ಮಾತು ತಡವರಿಸುತ್ತದೆ. ಕನ್ನಡ ಅಥವಾ ತುಳು ಬಲ್ಲವರು ಬೇಕೆಂದು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ.

ಅದೇ ಹೊತ್ತಿನಲ್ಲಿ ಊಟದ ರೀತಿಯನ್ನೂ ರೂಢಿಸಿಕೊಳ್ಳಿ. ಊಟದ ಜೊತೆ ನೀರು ಇಲ್ಲ. ಊಟವಾಗಿ ಅರ್ಧ ಗಂಟೆಯ ನಂತರ ನೀರು. ಒಂದೊಂದು ತುತ್ತಿಗೆ 20ರಿಂದ 30 ಸಲ ಜಗಿಯುವುದು. ಬೀಡಿ, ಸಿಗರೇಟು ಮಾತ್ರವಲ್ಲ, ವೀಳ್ಯದ ಜೊತೆಗಿನ ಹೊಗೆಸೊಪ್ಪೂ ಕನಿಷ್ಠ ಆರು ವಾರ ಮೊದಲೇ ಬಿಡಬೇಕು, ಮತ್ತೆ ಮುಟ್ಟಬಾರದು. ನಿಕೋಟಿನ್‌ನಿಂದ ಹೊಲಿಗೆ ಮಾಯುವುದು ತಡವಾಗುತ್ತದೆ, ಬೈಪಾಸ್ ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ.

ಕೊನೆಯ ಎರಡು ವಾರ ಅನ್ನ, ಸಕ್ಕರೆ, ಎಣ್ಣೆ ಕಡಿತದ ಪಥ್ಯ ಕೊಡುತ್ತಾರೆ. ಇದು ತೂಕಕ್ಕಾಗಿ ಅಲ್ಲ, ಪಿತ್ತಜನಕಾಂಗ (ಲಿವರ್) ಕುಗ್ಗಲಿಕ್ಕೆ. ಕೊಬ್ಬು ತುಂಬಿ ಉಬ್ಬಿದ ಪಿತ್ತಜನಕಾಂಗದ ಎಡಭಾಗ ಜಠರದ ಮೇಲೆ ಹರಡಿಕೊಂಡಿರುತ್ತದೆ. ಅದು ಕುಗ್ಗದಿದ್ದರೆ ಸರ್ಜನ್‌ಗೆ ಜಾಗ ಸರಿಯಾಗಿ ಕಾಣುವುದಿಲ್ಲ. "ಇನ್ನು ಸಿಗುವುದಿಲ್ಲವಲ್ಲ" ಎಂದು ಈ ಹೊತ್ತಿನಲ್ಲಿ ಹೋಳಿಗೆ, ಪಾಯಸ, ಬಿರಿಯಾನಿಗೆ ಬೀಳ್ಕೊಡುಗೆ ಕೊಡುವವರು ಬಹಳ. ಆ ಸಂಕಟ ಸಹಜವೇ, ಆದರೆ ಪಥ್ಯ ಮುರಿದರೆ ಅಪಾಯ ಟೇಬಲ್ ಮೇಲೆ. ಇನ್ಸುಲಿನ್ ತೆಗೆದುಕೊಳ್ಳುವವರು ಪಥ್ಯ ಶುರುವಾಗುವ ದಿನವೇ ಡೋಸ್ ಬಗ್ಗೆ ಕೇಳಬೇಕು, ಹಳೆಯ ಡೋಸ್‌ನಲ್ಲೇ ಮುಂದುವರಿದರೆ ಶುಗರ್ ಕುಸಿಯುತ್ತದೆ.

ಹಣದ ವಿಷಯ ಚುಟುಕಾಗಿ: ಆರೋಗ್ಯ ವಿಮೆಯ ನಿಯಮದಲ್ಲಿ ಸಾಮಾನ್ಯವಾಗಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 40 ಇರಬೇಕು, ಅಥವಾ 35ರ ಜೊತೆಗೆ ಹತೋಟಿಗೆ ಬಾರದ ಮಧುಮೇಹ, ತೀವ್ರ ಸ್ಲೀಪ್ ಆಪ್ನಿಯ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು), ಹೃದಯ ರೋಗದಂಥ ಕಾಯಿಲೆ ಇರಬೇಕು. ಪಾಲಿಸಿಯ ಕಾಯುವ ಅವಧಿಯನ್ನೂ ನೋಡಿಕೊಳ್ಳಿ. ಕೇರಳದ ಸರಕಾರಿ ಯೋಜನೆಯ ಕಾರ್ಡು ಗಡಿಯಾಚೆಯ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ನಂಬಿ ಹೊರಡಬೇಡಿ. ಮೊದಲೇ ವಿಚಾರಿಸಿ ಲಿಖಿತವಾಗಿ ತೆಗೆದುಕೊಳ್ಳಿ.

ಮನೆ

ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ, ಐದು ಕಿಲೋ ಮಿತಿ ಇಟ್ಟುಕೊಳ್ಳಿ. ಬಾವಿಯಿಂದ ನೀರು ಸೇದುವುದು, ತುಂಬಿದ ಕೊಡಪಾನ, ಹುಲ್ಲಿನ ಕಟ್ಟು, ಅಡಿಕೆ ಗೋಣಿ, ಯಾವುದೂ ಬೇಡ. ಯಾರು ಮಾಡುತ್ತಾರೆ ಎಂಬುದು ಮೊದಲೇ ತೀರ್ಮಾನವಾಗಿರಲಿ. ಹೆಂಗಸರಿಗೆ ಆಪರೇಷನ್ ಆದಾಗ "ಒಂದು ಕೊಡ ಅಲ್ಲವಾ" ಎಂದು ಹತ್ತನೇ ದಿನಕ್ಕೇ ಎತ್ತಿಬಿಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಮನೆ ಗುಡ್ಡದ ಮೇಲಿದ್ದು ಆಟೋ ಕೆಳಗೇ ನಿಲ್ಲುವುದಾದರೆ ಮೊದಲ ವಾರ ರಸ್ತೆ ಬದಿಯ ನೆಂಟರ ಮನೆಯಲ್ಲಿ ಇರುವುದು ಒಳ್ಳೆಯದು. ಹರತಾಳ, ಮಳೆಗಾಲದ ಮಣ್ಣು ಕುಸಿತ ಎರಡನ್ನೂ ಲೆಕ್ಕ ಹಾಕಿ ಮಾತ್ರೆಗಳು ಎರಡು ವಾರಕ್ಕೆ ಹೆಚ್ಚುವರಿ ಇರಲಿ, ರಾತ್ರಿ ಕರೆದರೆ ಬರುವ ಒಂದು ಗಾಡಿಯ ನಂಬರ್ ಗೋಡೆಯಲ್ಲಿರಲಿ.

ಮೂವತ್ತು ಎಂ.ಎಲ್.ನ ಲೋಟ

ಕೆಮ್ಮಿನ ಸಿರಪ್ ಜೊತೆ ಬರುವ ಗೆರೆ ಹಾಕಿದ ಪ್ಲಾಸ್ಟಿಕ್ ಕಪ್ ಗೊತ್ತಲ್ಲ, 30 ಎಂ.ಎಲ್.ನದ್ದು ಎರಡು ತೊಳೆದಿಡಿ. ಮೊದಲ ಎರಡು ವಾರ ದ್ರವಾಹಾರ ಮಾತ್ರ, ಅದಕ್ಕೆ ಇದೇ ಅಳತೆ. ಒಂದು ಕಪ್ಪನ್ನು ಹದಿನೈದು ನಿಮಿಷದಲ್ಲಿ ಗುಟುಕು ಗುಟುಕಾಗಿ ಮುಗಿಸಬೇಕು. ಗಂಟೆಗೆ 120 ಎಂ.ಎಲ್. ಆಯಿತು, ಎಚ್ಚರವಿರುವ ಹದಿಮೂರು ಗಂಟೆಯಲ್ಲಿ ಒಂದೂವರೆ ಲೀಟರ್. ಒಮ್ಮೆಗೇ ಲೋಟ ಎತ್ತಿ ಕುಡಿದರೆ ಎದೆಯ ನಡುವೆ ಹಿಂಡಿದಂತೆ ನೋವಾಗಿ ವಾಂತಿಯಾಗುತ್ತದೆ. ಕುಡಿಯದೆ ಬಿಟ್ಟರೆ ತಲೆ ತಿರುಗುತ್ತದೆ, ಮೂತ್ರ ಗಾಢ ಹಳದಿಯಾಗುತ್ತದೆ. ಮೇಲಿಂದ ಎತ್ತಿ ಬಾಯಿಗೆ ಹೊಯ್ದುಕೊಳ್ಳುವ ನಮ್ಮ ಕ್ರಮ ಬೇಡ, ಜೊತೆಗೆ ಗಾಳಿಯೂ ಒಳಗೆ ಹೋಗುತ್ತದೆ. ಸ್ಟ್ರಾ, ಸೋಡಾ ಕೂಡ ಬೇಡ.

ಆಮೇಲೆ ಎರಡು ವಾರ ಅರೆದ ಆಹಾರ, ಮತ್ತೆ ಎರಡು ವಾರ ಮೆತ್ತಗಿನದು. ಆರರಿಂದ ಎಂಟು ವಾರಕ್ಕೆ ಮಾಮೂಲಿ ಊಟದ ಪುಟ್ಟ ರೂಪ. ನಿಮ್ಮ ಆಸ್ಪತ್ರೆಯ ಪಟ್ಟಿಯಲ್ಲಿ ದಿನಗಳು ಹಿಂದೆ ಮುಂದೆ ಇದ್ದರೆ ಆ ಪಟ್ಟಿಯೇ ನಿಮಗೆ ನಿಯಮ.

ಘನ ಆಹಾರದ ಮೊದಲ ದಿನ ಹೀಗೆ: ಕಾಫಿ ಬಸಿಯಲ್ಲಿ ಕಾಲು ಇಡ್ಲಿ, ಮೇಲೆ ಒಂದು ಚಮಚ ತೆಳು ಬೇಳೆ. ಕಡಲೆಬೇಳೆಯಷ್ಟು ತುಂಡು ಬಾಯಿಗೆ ಹಾಕಿ ನೀರಾಗುವವರೆಗೆ ಜಗಿದು ನುಂಗಿ, ಚಮಚ ಕೆಳಗಿಡಿ. ಒಂದು ನಿಮಿಷ ಕಾದು ಇನ್ನೊಂದು. ಬಿಕ್ಕಳಿಕೆ, ಸೀನು, ಮೂಗಿನಲ್ಲಿ ನೀರು, ಎದೆಗೂಡಿನ ಕೆಳಗೆ ಒತ್ತಡ, ಇವು ಈಗ ನಿಮ್ಮ "ಹೊಟ್ಟೆ ತುಂಬಿತು". ಇದರಲ್ಲಿ ಯಾವುದು ಕಂಡರೂ ಬಸಿ ಸರಿಸಿ, ಇಡ್ಲಿಯ ಚೂರು ಉಳಿದಿದ್ದರೂ ಸರಿ. ಅನ್ನ ಬಿಸಾಡಬಾರದು ಎಂದು ಕಲಿತು ಬೆಳೆದವರಿಗೆ ಇದೇ ದೊಡ್ಡ ಹಿಂಸೆ. ಆದ್ದರಿಂದ ಬಡಿಸಿಕೊಳ್ಳುವುದೇ ಕಡಿಮೆ ಇರಲಿ. ಸಿಕ್ಕಿಕೊಂಡರೆ ಮೇಲಿಂದ ನೀರು ಕುಡಿದು ದೂಡಬೇಡಿ. ಎದ್ದು ನಡೆದಾಡಿ.

ಪ್ರೋಟೀನ್ ದಿನಕ್ಕೆ 60ರಿಂದ 80 ಗ್ರಾಂ ಬೇಕು, ಊಟದಲ್ಲಿ ಮೊದಲು ಬಾಯಿಗೆ ಹೋಗಬೇಕಾದದ್ದು ಅದೇ. ಇಲ್ಲಿ ನಮ್ಮ ಕಡೆಯ ಸಸ್ಯಾಹಾರಿ ಮನೆಗಳಿಗೆ ನಿಜವಾದ ಸಮಸ್ಯೆ ಇದೆ. ತಂಬುಳಿ, ಸಾರು, ಮೇಲಾರ, ಗಂಜಿತಿಳಿ ಹೊಟ್ಟೆಗೆ ಹಿತ, ಆದರೆ ಪ್ರೋಟೀನ್ ಅತ್ಯಲ್ಪ. ತೆಂಗಿನಕಾಯಿ ಅರೆದು ಹಾಕಿದರೆ ಹೆಚ್ಚುವುದು ಕೊಬ್ಬು. ಲೆಕ್ಕ ನೋಡಿ: 100 ಎಂ.ಎಲ್. ಹಾಲು ಅಥವಾ ಮೊಸರಿನಲ್ಲಿ ಮೂರು ಗ್ರಾಂ ಚಿಲ್ಲರೆ, ಬೆಂದ ಹೆಸರುಬೇಳೆ ಅರ್ಧ ಕಪ್‌ನಲ್ಲಿ ಏಳರ ಆಸುಪಾಸು, 100 ಗ್ರಾಂ ಪನೀರ್‌ನಲ್ಲಿ ಸುಮಾರು 18. ಮೊದಲ ಮೂರು ತಿಂಗಳು ವೇ ಪುಡಿ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಇಲ್ಲದೆ ಈ ಲೆಕ್ಕ ತುಂಬುವುದು ಕಷ್ಟ. ಮೀನು ತಿನ್ನುವವರಿಗೆ ದಾರಿ ಸುಲಭ: 100 ಗ್ರಾಂ ಬೂತಾಯಿ ಅಥವಾ ಬಂಗುಡೆಯಲ್ಲಿ 20 ಗ್ರಾಂ ಹತ್ತಿರ ಸಿಗುತ್ತದೆ. ಹುರಿಯಬೇಡಿ, ಖಾರ ಕಡಿಮೆ ಮಾಡಿ ಬೇಯಿಸಿ, ಮುಳ್ಳು ಬಿಡಿಸಿ, ಹಿಸುಕಿ.

ತಡವಾಗಿ ಬರಬೇಕಾದವು: ಪುಂಡಿ, ಬನ್ಸ್, ಬ್ರೆಡ್ಡು, ಏಕೆಂದರೆ ಮುದ್ದೆಯಾಗಿ ದಾರಿ ಕಟ್ಟುತ್ತವೆ. ಬಾಳೆದಿಂಡು, ಗುಜ್ಜೆ, ಹಲಸಿನ ತೊಳೆಯ ನಾರು ಸಣ್ಣ ಜಠರದಲ್ಲಿ ಉಂಡೆಗಟ್ಟಬಹುದು. ಕುಚ್ಚಲಕ್ಕಿ ಅನ್ನ ಎರಡು ತಿಂಗಳ ನಂತರ, ಅದೂ ಪ್ರೋಟೀನ್ ತಿಂದು ಜಾಗ ಉಳಿದರೆ.

ತಡ ಮಾಡಬಾರದ ಲಕ್ಷಣಗಳು

ಸುಮ್ಮನೆ ಕೂತಿದ್ದಾಗಲೂ ನಾಡಿ 120 ದಾಟುವುದು, 38 ಡಿಗ್ರಿ ಸೆಲ್ಸಿಯಸ್ ಮೇಲೆ ಜ್ವರ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಎಡ ಭುಜದಲ್ಲಿ ನೋವು, ಉಸಿರು ಕಟ್ಟುವುದು: ಹೊಲಿಗೆಯಲ್ಲಿ ಸೋರಿಕೆ ಇರಬಹುದು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು ರಕ್ತ ಹೆಪ್ಪುಗಟ್ಟಿದ ಸೂಚನೆ. ಬೆಳಗ್ಗಿನ ಬಸ್ಸಿಗೆ ಕಾಯಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಆಪರೇಷನ್ ಮಾಡಿದವರಿಗೆ ದಾರಿಯಿಂದಲೇ ಫೋನ್ ಮಾಡಿ.

ಇನ್ನೊಂದು ಅಪಾಯ ಸದ್ದಿಲ್ಲದೆ ಬರುವಂಥದ್ದು. ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ದೇಹದಲ್ಲಿ ಥಯಾಮಿನ್, ಅಂದರೆ ಬಿ1, ಬರಿದಾಗುತ್ತದೆ. ಸುಸ್ತಾಯಿತೆಂದು ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಹಾಕಿಸಿಕೊಳ್ಳುವುದು ನಮ್ಮೂರಿನ ರೂಢಿ. ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಕೊರತೆ ಮತ್ತೂ ತೀವ್ರವಾಗಿ ಮಿದುಳಿಗೆ ಪೆಟ್ಟಾಗಬಹುದು: ಕಣ್ಣಿಗೆ ಎಲ್ಲ ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು, ಗೊಂದಲ. "ಬೇರಿಯಾಟ್ರಿಕ್ ಆಪರೇಷನ್ ಆಗಿದೆ, ಮೊದಲು ಥಯಾಮಿನ್ ಕೊಡಿ, ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡ, ಕೇಳದೆ ಮೂಗಿನ ನಳಿಗೆ ಹಾಕಬೇಡಿ" ಎಂದು ಸರ್ಜನ್ ಸಹಿಯೊಂದಿಗೆ ಒಂದು ಕಾಗದದಲ್ಲಿ ಇಂಗ್ಲಿಷಿನಲ್ಲೂ ಮಲೆಯಾಳದಲ್ಲೂ ಬರೆಸಿ ಪರ್ಸಿನಲ್ಲಿಡಿ.

ಮನಸ್ಸು ಯಾವಾಗ ಕುಸಿಯುತ್ತದೆ

ಮೊದಲ ವಾರ "ಯಾಕಾದರೂ ಮಾಡಿಸಿಕೊಂಡೆನೋ" ಅನಿಸುವುದು ತುಂಬ ಸಾಮಾನ್ಯ. ಮನೆಯಲ್ಲಿ ಒಗ್ಗರಣೆಯ ಪರಿಮಳ ಬರುತ್ತಿರುತ್ತದೆ, ಕೈಯಲ್ಲಿ ಸಿರಪ್ ಕಪ್. ಮೂರನೇ ವಾರದ ಸುಮಾರಿಗೆ ತೂಕ ಹತ್ತು ಹನ್ನೆರಡು ದಿನ ಅಲ್ಲಾಡದೆ ನಿಲ್ಲುವುದುಂಟು. ನೀರಿನ ಹೊಂದಾಣಿಕೆಯೇ ಮುಖ್ಯ ಕಾರಣ. ವಾರಕ್ಕೊಮ್ಮೆ ಮಾತ್ರ ತೂಗಿ, ದಿನವೂ ಬೇಡ. ಮೂರರಿಂದ ಆರನೇ ತಿಂಗಳಲ್ಲಿ ಬಾಚಣಿಗೆ ತುಂಬ ಕೂದಲು ಬರುತ್ತದೆ. ಬೇರು ಸತ್ತದ್ದಲ್ಲ, ಬೇಗ ತೂಕ ಇಳಿದದ್ದಕ್ಕೆ ಕೂದಲು ವಿಶ್ರಾಂತಿಗೆ ಹೋದದ್ದು. ಪ್ರೋಟೀನ್, ಕಬ್ಬಿಣಾಂಶ ಸರಿಯಿದ್ದರೆ ಮತ್ತೆ ಬೆಳೆಯುತ್ತದೆ.

ಹಸಿವೋ, ಬಾಯಿ ಚಪಲವೋ ಎಂದು ತಿಳಿಯದಾಗ ಹೀಗೆ ನೋಡಿ: ಬೆಂದ ಹೆಸರುಬೇಳೆ ಕೊಟ್ಟರೆ ತಿನ್ನುತ್ತೀರಾ? ಹೌದಾದರೆ ಹಸಿವು. ಅದು ಬೇಡ, ಹಲಸಿನ ಹಪ್ಪಳವೇ ಬೇಕು ಎಂದಾದರೆ ನೋಟ್‌ಬುಕ್ ತೆಗೆದು ಬದಲಿ ಪಟ್ಟಿ ನೋಡಿ.

ಊರವರ ಮಾತಿಗೂ ತಯಾರಿರಬೇಕು. ಇಲ್ಲಿ ಸಪೂರ ಆಗುವುದೆಂದರೆ ಕಾಯಿಲೆ ಎಂದೇ ಅರ್ಥ. "ಎಂತ ಇಷ್ಟು ಸಪೂರ? ಶುಗರ್ ಉಂಟಾ?" ಎಂದು ಬಸ್‌ಸ್ಟ್ಯಾಂಡಿನಲ್ಲೇ ಕೇಳುತ್ತಾರೆ, ಗೊತ್ತಾದರೆ "ಅಷ್ಟು ದುಡ್ಡು ಸುರಿದು ಹಸಿದಿರುವುದಾ" ಎನ್ನುತ್ತಾರೆ. ಎಲ್ಲರಿಗೂ ಎಲ್ಲ ಹೇಳುವ ಹಂಗು ನಿಮಗಿಲ್ಲ. "ಹೊಟ್ಟೆಯ ಆಪರೇಷನ್ ಆಗಿದೆ, ಡಾಕ್ಟರು ಪಥ್ಯ ಹೇಳಿದ್ದಾರೆ" ಎಂಬ ಒಂದೇ ವಾಕ್ಯ ಸಾಕು, ಅದು ಸುಳ್ಳೂ ಅಲ್ಲ. ಆಸರಿಗೆ ಬೆಲ್ಲ ನೀರು ತಂದಿಟ್ಟರೆ ನೀರು ಮಾತ್ರ ತೆಗೆದುಕೊಳ್ಳಿ. ಬೈಪಾಸ್ ಆದವರಿಗೆ ಒಂದು ಅಚ್ಚು ಬೆಲ್ಲವೇ ಅರ್ಧ ಗಂಟೆಯೊಳಗೆ ಎದೆಬಡಿತ, ಬೆವರು, ಹೊಟ್ಟೆ ಹಿಂಡುವುದು, ಭೇದಿ ತರಬಹುದು. ಪಾಯಸ, ಮಧೂರು ದೇವಸ್ಥಾನದ ಸಿಹಿ ಅಪ್ಪ ಕೂಡ ಹಾಗೆಯೇ. ಪ್ರಸಾದವಾದರೆ ಸಾಸಿವೆಯಷ್ಟು ಬಾಯಿಗಿಟ್ಟು ಕಣ್ಣಿಗೊತ್ತಿಕೊಂಡರೂ ಆಯಿತು.

ಮದುವೆ, ಉಪನಯನದ ಪಂಕ್ತಿ ನಿಜಕ್ಕೂ ನಿಮಗೆ ಅನುಕೂಲದ್ದೇ. ಎಲ್ಲರೂ ಏಳುವವರೆಗೆ ನಿಧಾನ ಜಗಿಯಲು ಬೇಕಾದಷ್ಟು ಹೊತ್ತು ಸಿಗುತ್ತದೆ. ತೊಂದರೆ ಬಡಿಸುವವರದ್ದು. ಚಿಕ್ಕ ಕೀತು ಎಲೆ ಹಾಕಿಸಿಕೊಳ್ಳಿ, ಬಡಿಸುವ ಮುಖ್ಯಸ್ಥರಿಗೆ ಮೊದಲೇ ಹೇಳಿ, ಸಾಲಿನ ಕೊನೆಗೆ ಕೂರಿ, ಹೊರಡುವ ಮುಂಚೆ ಮನೆಯಲ್ಲೇ ಪ್ರೋಟೀನ್ ಮುಗಿಸಿ.

ಗಂಡ ಹೆಂಡತಿಯ ನಡುವೆಯೂ ಬದಲಾವಣೆ ಆಗುತ್ತದೆ. ಜೊತೆಗೆ ತಿನ್ನುತ್ತಿದ್ದ ಸುಖ ಹೋಗುತ್ತದೆ, ಹೊಸ ಬಟ್ಟೆ, ಹೊಸ ಧೈರ್ಯ ಕಂಡು ಅನುಮಾನವೂ ಹುಟ್ಟಬಹುದು. ಸಂಗಾತಿಯನ್ನು ಕೌನ್ಸೆಲಿಂಗಿಗೆ ಆಪರೇಷನ್‌ಗೆ ಮೊದಲೇ ಒಮ್ಮೆ ಕರೆದುಕೊಂಡು ಹೋದರೆ ಅರ್ಧ ಜಗಳ ತಪ್ಪುತ್ತದೆ. ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರು ಅದನ್ನು ನಿಲ್ಲಿಸಬೇಡಿ. ನಿಧಾನವಾಗಿ ಕರಗುವ ಮಾತ್ರೆಗಳನ್ನು ಬೈಪಾಸ್ ನಂತರ ದೇಹ ಸರಿಯಾಗಿ ಹೀರದಿರಬಹುದು, ಬದಲಿಸಬೇಕೇ ಎಂದು ಕೇಳಿ. ಬದುಕು ಬೇಡ ಅನಿಸಿದರೆ ಆ ಕ್ಷಣವೇ ಮನೆಯವರಿಗೆ ಹೇಳಿ, ಮಾನಸಿಕ ಆರೋಗ್ಯದ ಸರಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತಾಡಬಹುದು.

ವರ್ಷ ಕಳೆದ ಮೇಲೆ

ವಿಟಮಿನ್ ಮಾತ್ರೆಗಳು ಜೀವನಪೂರ್ತಿ. ಕ್ಯಾಲ್ಸಿಯಂ ಸಿಟ್ರೇಟನ್ನು ದೇಹ ಒಮ್ಮೆಗೆ 500 ಮಿಲಿಗ್ರಾಂಗಿಂತ ಹೆಚ್ಚು ಸರಿಯಾಗಿ ಹೀರುವುದಿಲ್ಲ, ಹಾಗಾಗಿ ದಿನದ 1200ರಿಂದ 1500 ಮಿಲಿಗ್ರಾಂ ಭಾಗ ಮಾಡಿ. ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಜೊತೆ ಚಹಾ ಬೇಡ. ಕಳ್ಳು, ಸಾರಾಯಿ ಮೊದಲಿಗಿಂತ ಬೇಗ ತಲೆಗೇರುತ್ತದೆ, ತಿನ್ನುವ ಚಟದ ಜಾಗಕ್ಕೆ ಕುಡಿತ ಬಂದು ಕೂರುವುದು ಎರಡನೇ ವರ್ಷದಲ್ಲಿ ಹೆಚ್ಚು. ಅರಿಷ್ಟಗಳಲ್ಲೂ ಬೆಲ್ಲ, ಮದ್ಯಾಂಶ ಇರುತ್ತವೆ, ನೆನಪಿರಲಿ. ಹೆಂಗಸರಿಗೆ ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಆದರೆ 12ರಿಂದ 18 ತಿಂಗಳು ಕಾಯಬೇಕು. ಬೈಪಾಸ್ ಆದವರು ಗರ್ಭನಿರೋಧಕ ಗುಳಿಗೆಯನ್ನು ಮಾತ್ರ ನಂಬದೆ ಬೇರೆ ಉಪಾಯ ಕೇಳಬೇಕು. ಜೋತ ಚರ್ಮದ ಮಡಿಕೆಯಲ್ಲಿ ಆಟಿಯ ಮಳೆಗೆ ಶಿಲೀಂಧ್ರ ಹಿಡಿಯುತ್ತದೆ, ಸ್ನಾನದ ನಂತರ ಹತ್ತಿ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ.

ಎರಡನೇ ವರ್ಷದಲ್ಲಿ ಹಸಿವು ಸ್ವಲ್ಪ ಮರಳುತ್ತದೆ, ಕೆಲವು ಕಿಲೋ ವಾಪಸ್ ಬರುವುದೂ ಸಹಜ. ನಾಚಿಕೆಯಿಂದ ಫಾಲೋಅಪ್ ತಪ್ಪಿಸುವವರು ಹೆಚ್ಚಾಗಿ ಈ ಹಂತದವರೇ. ಹಾಗಾಗಿ ವರ್ಷಕ್ಕೊಮ್ಮೆ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿಟಿಎಚ್ (ಕ್ಯಾಲ್ಸಿಯಂ ಹತೋಟಿಯ ಹಾರ್ಮೋನು), ಹಿಮೋಗ್ಲೋಬಿನ್ ಪರೀಕ್ಷೆಯನ್ನು ಊರಿನ ಲ್ಯಾಬಿನಲ್ಲೇ ಮಾಡಿಸಿ, ರಿಪೋರ್ಟಿನ ಜೊತೆ ಹಳೆಯ ನೋಟ್‌ಬುಕ್ಕನ್ನೂ ಹಿಡಿದು ಮಂಗಳೂರಿಗೆ ಹೋಗಿ. ಯಾವ ಹೊತ್ತಿನ ತಿನ್ನಾಟ ಮತ್ತೆ ಶುರುವಾಗಿದೆ ಎಂದು ಅದರ ಮೊದಲ ಹದಿನಾಲ್ಕು ಪುಟಗಳಲ್ಲೇ ಸಿಗುತ್ತದೆ.