ಮಳೆಗಾಲದಲ್ಲಿ ಖಾಲಿಯಾದ ಬೆಂಚುಗಳು: ಜನರನ್ನು ಮತ್ತೆ ಇಗರ್ಜಿಗೆ ಕರೆತರುವುದು ಹೇಗೆ?

ಜುಲೈ ತಿಂಗಳ ಒಂದು ಭಾನುವಾರ. ಬೆಳಗಿನ ಪೂಜೆ ಶುರುವಾಗಿದೆ. ಹೊನ್ನಾವರದ ಕಡೆಯ ನಮ್ಮ ಚಿಕ್ಕ ಇಗರ್ಜಿಯ ಹೆಂಚಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಮೈಕಿನ ಮಾತೂ ಸರಿಯಾಗಿ ಕೇಳುವುದಿಲ್ಲ. ಹಿಂದಿನ ಆರು ಬೆಂಚು ಖಾಲಿ. ‘ಎಲ್ಲರೂ ಸ್ವಲ್ಪ ಮುಂದೆ ಬನ್ನಿ’ ಎಂದು ಫಾದರ್ ಕರೆಯುತ್ತಾರೆ. ಮೇ ತಿಂಗಳಲ್ಲಿ ಜಾಗ ಸಾಲದೆ ಅಂಗಳದಲ್ಲಿ ಕುರ್ಚಿ ಹಾಕಿದ್ದು ಇಲ್ಲೇನಾ ಅನ್ನಿಸುತ್ತದೆ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಅಷ್ಟು ಮಳೆಯಲ್ಲಿ ಜನ ಕಡಿಮೆಯಾಗುವುದು ಸಹಜ. ಚಿಂತೆ ಇರುವುದು ಬೇರೆ. ಮಳೆ ನಿಂತ ಮೇಲೂ ಕೆಲವು ಮನೆಯವರು ಬರುವುದಿಲ್ಲ. ಹಲವು ವರ್ಷ ವಾಡೆಯ (ಇಗರ್ಜಿಗೆ ಸೇರಿದ ಒಂದು ಕೇರಿಯ) ಗುರಿಕಾರನಾಗಿ, ಅಂದರೆ ಮುಖ್ಯಸ್ಥನಾಗಿ, ಮನೆ ಮನೆ ತಿರುಗಿದ ಮೇಲೆ ನನಗೆ ಗೊತ್ತಾಗಿದ್ದು ಇಷ್ಟು: ಇವರಲ್ಲಿ ಹೆಚ್ಚಿನವರಿಗೆ ದೇವರ ಮೇಲಿನ ನಂಬಿಕೆ ಹೋಗಿರುವುದಿಲ್ಲ. ಮೂರು ತಿಂಗಳು ತಪ್ಪಿಸಿಕೊಂಡು ನಾಲ್ಕನೇ ತಿಂಗಳು ಎಲ್ಲರ ಎದುರು ಒಳಗೆ ಕಾಲಿಡಲು ಸಂಕೋಚ. ಆ ಸಂಕೋಚವನ್ನು ಬಿಡಿಸಬೇಕು. ಅದಕ್ಕೆ ಆಗಸ್ಟ್ ಮೊದಲ ವಾರದಿಂದಲೇ ಕೆಲಸ ಶುರು ಮಾಡಬೇಕು.

ಮೊದಲು ಸರಿಯಾಗಿ ಎಣಿಸಿ

ಮೇ ತಿಂಗಳ ಲೆಕ್ಕ ನಂಬಬೇಡಿ. ಆಗ ಮುಂಬೈ, ಗಲ್ಫ್, ಬೆಂಗಳೂರಿನಿಂದ ರಜೆಗೆ ಬಂದವರು ಇರುತ್ತಾರೆ. ಮದುವೆಗಳಿರುತ್ತವೆ. ಶಾಲೆ ಶುರುವಾಗುತ್ತಿದ್ದಂತೆ ಅವರೆಲ್ಲ ವಾಪಸ್ ಹೋಗುತ್ತಾರೆ. ಅವರನ್ನೂ ಸೇರಿಸಿ ‘ಅರ್ಧಕ್ಕರ್ಧ ಜನ ಹೋದರು’ ಎಂದು ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ಈ ಜುಲೈಯನ್ನು ಹೋದ ವರ್ಷದ ಜುಲೈ ಜೊತೆ ಹೋಲಿಸಿ. ಹಳೆಯ ಲೆಕ್ಕ ಇಲ್ಲದಿದ್ದರೆ ಈ ವರ್ಷದಿಂದ ಬರೆದಿಡಿ. ಬಾಗಿಲ ಹತ್ತಿರ ಇಬ್ಬರು ನಿಂತು ನಾಲ್ಕು ಭಾನುವಾರ ಎಣಿಸಿದರೆ ಸಾಕು.

ಘಟ್ಟದ ಮೇಲಿನವರ ಲೆಕ್ಕ ಬೇರೆ. ಶಿರಸಿ ಕಡೆ ಅಡಿಕೆ ಕೊಯ್ಲು ಶುರುವಾದರೆ ತೋಟದ ಕೆಲಸಕ್ಕೆ ಹೋಗುವ ಮನೆಗಳಿಗೆ ಭಾನುವಾರವೂ ಬಿಡುವಿರುವುದಿಲ್ಲ. ಅಲ್ಲಿಯವರು ತಮ್ಮ ತಿಂಗಳನ್ನು ತಾವೇ ಗುರುತಿಸಿಕೊಳ್ಳಬೇಕು.

ಹೆಸರು ಹಿಡಿದು ಪಟ್ಟಿ ಮಾಡಿ

‘ಜನ ಬರುತ್ತಿಲ್ಲ’ ಅಂದರೆ ಏನೂ ಮಾಡಲಾಗುವುದಿಲ್ಲ. ‘ಕೆಳಗಿನ ವಾಡೆಯ ಈ ಐದು ಮನೆಯವರು ಬರುತ್ತಿಲ್ಲ’ ಅಂದರೆ ಕೆಲಸ ಶುರು ಮಾಡಬಹುದು. ಗುರಿಕಾರರನ್ನೆಲ್ಲ ಕೂರಿಸಿ, ಇಗರ್ಜಿಯ ಕುಟುಂಬಗಳ ಪುಸ್ತಕ ಮುಂದಿಟ್ಟುಕೊಂಡು ಒಂದೊಂದೇ ಮನೆ ನೋಡಿ. ಹೆಸರಿನ ಎದುರು ಕಾರಣ ಬರೆಯಿರಿ. ನಮ್ಮಲ್ಲಿ ಬಂದ ಕಾರಣಗಳು ಹೀಗಿದ್ದವು: ಭಾನುವಾರ ಬೆಳಿಗ್ಗೆ ಬಸ್ಸಿಲ್ಲ, ಗದ್ದೆ ನಾಟಿ, ಮಂಡಿನೋವು, ಗೋವಾದ ಹೋಟೆಲಿನಲ್ಲಿ ಭಾನುವಾರವೂ ಡ್ಯೂಟಿ. ಯಾರದೋ ಮಾತಿನಿಂದ ಮನಸ್ಸು ನೊಂದವರೂ ಇದ್ದರು.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿನ ಕೆಲಸ ನಂಬಿದ ಮನೆಗಳಲ್ಲಿ ಆ 61 ದಿನ ಕೈ ಖಾಲಿ. ಇಗರ್ಜಿಯ ವಂತಿಗೆ ಬಾಕಿ ಉಳಿಯುತ್ತದೆ. ಬಾಕಿ ಇಟ್ಟುಕೊಂಡು ಫಾದರ್ ಮುಖ ಹೇಗೆ ನೋಡುವುದು ಎಂದು ಹಿಂಜರಿಯುತ್ತಾರೆ. ಇಂಥ ಮನೆಯ ಎದುರು ಕಾರಣ ಬರೆಯಬೇಡಿ, ನೆನಪಿನಲ್ಲಿಡಿ. ಪಟ್ಟಿ ನಾಲ್ಕು ಜನರ ಕೈ ಸೇರುತ್ತದೆ ಅಲ್ವಾ?

ಮನೆಗೆ ಹೋಗಿ

ನಾವು ಮೊದಲ ವರ್ಷ ಮಾಡಿದ ತಪ್ಪು ಹೇಳುತ್ತೇನೆ. ಪೂಜೆ ಮುಗಿದ ಮೇಲೆ ಮೈಕ್ ಹಿಡಿದು, ಮಳೆಯ ನೆಪ ಹೇಳಿ ತಪ್ಪಿಸಬಾರದು ಎಂದು ಜೋರಾಗಿಯೇ ಹೇಳಿದೆವು. ಕೇಳಿಸಿಕೊಂಡವರು ಯಾರು? ಅದೇ ಮಳೆಯಲ್ಲಿ ನೆನೆದು ಬಂದವರು. ಬಾರದವರ ಕಿವಿಗೆ ಅದು ಸುತ್ತಿ ಬಳಸಿ ಬೈಗುಳವಾಗಿ ಮುಟ್ಟಿತು. ಎರಡು ಮನೆಯವರು ನತಾಲ್, ಅಂದರೆ ಕ್ರಿಸ್ಮಸ್‌ವರೆಗೂ ಬರಲಿಲ್ಲ.

ಈಗ ಇಬ್ಬಿಬ್ಬರಾಗಿ ಮನೆಗೆ ಹೋಗುತ್ತೇವೆ. ಒಬ್ಬರು ಆ ವಾಡೆಯವರೇ, ಇನ್ನೊಬ್ಬರು ಮನೆಯವರಿಗೆ ಸಲುಗೆ ಇರುವವರು. ಫಾದರ್ ಮೊದಲ ಸಲವೇ ಹೋದರೆ ಮನೆಯವರು ಕುರ್ಚಿ ಒರೆಸುವುದರಲ್ಲೇ ಇರುತ್ತಾರೆ, ಮಾತು ಹೊರಗೆ ಬರುವುದಿಲ್ಲ. ಅವರು ಎರಡನೇ ಸಲ ಹೋಗಲಿ. ಸಂಜೆ ಹೊತ್ತು ಒಳ್ಳೆಯದು. ‘ಯಾಕೆ ಬರಲಿಲ್ಲ?’ ಎಂದು ಕೇಳಲೇಬೇಡಿ. ‘ನಿಮ್ಮನ್ನು ನೋಡದೆ ಸುಮಾರು ದಿನ ಆಯ್ತು, ಹೇಗಿದ್ದೀರಿ?’ ಅಂದರೆ ಸಾಕು. ವಂತಿಗೆಯ ಸುದ್ದಿ ಬೇಡ. ಅವರೇ ತೆಗೆದರೆ ‘ಬೋಟು ಇಳಿದ ಮೇಲೆ ನೋಡುವ’ ಎಂದುಬಿಡಿ.

ಹೀಗೆ ಹೋದಾಗಲೇ ಒಬ್ಬ ಮೌಶಿಯ ವಿಷಯ ಗೊತ್ತಾಗಿದ್ದು. ಎಪ್ಪತ್ತು ದಾಟಿದವರು. ಇಗರ್ಜಿಗೆ ಹತ್ತು ನಿಮಿಷದ ದಾರಿ. ಮಗಳೂ ಜೊತೆಗಿದ್ದಾಳೆ. ಆದರೂ ಜೂನ್‌ನಿಂದ ಬಂದಿರಲಿಲ್ಲ. ಆರೋಗ್ಯ ಸರಿ ಇಲ್ಲ ಅಂದುಕೊಂಡಿದ್ದೆವು. ಚಹಾ ಕುಡಿದು ಏಳುವ ಹೊತ್ತಿಗೆ ಮೆಲ್ಲಗೆ ಹೇಳಿದರು, ‘ಮೆಟ್ಟಿಲು ಜಾರ್ತದೆ ಮಗಾ.’ ಇಗರ್ಜಿಯ ಬದಿಯ ಬಾಗಿಲಿಗೆ ಐದು ಚಿರೇಕಲ್ಲಿನ ಮೆಟ್ಟಿಲು. ಅದರ ಮೇಲೆ ಹಸಿರು ಹಾವಸೆ. ಹೋದ ವರ್ಷ ಅಲ್ಲಿ ಅವರ ಕಾಲು ಜಾರಿತ್ತು. ಬೀಳಲಿಲ್ಲ, ಆದರೆ ಹೆದರಿಕೆ ಕೂತುಬಿಟ್ಟಿತು. ನಾವು ದಿನಾ ಅದೇ ಮೆಟ್ಟಿಲು ಹತ್ತುತ್ತಿದ್ದೆವು, ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಅಡ್ಡಿಗಳನ್ನು ಸರಿಮಾಡಿ

ಮರುದಿನ ಶನಿವಾರ ನಾಲ್ಕು ಹುಡುಗರು ಬ್ಲೀಚಿಂಗ್ ಪೌಡರ್ ಹಾಕಿ, ಗಟ್ಟಿ ಬ್ರಷ್‌ನಿಂದ ಮೆಟ್ಟಿಲು ಉಜ್ಜಿದರು. ಒಂದು ಬದಿಗೆ ಹಿಡಿದುಕೊಳ್ಳಲು ಕಬ್ಬಿಣದ ಪೈಪ್ ಹಾಕಿಸಿದೆವು. ಬಾಗಿಲಲ್ಲಿ ತೆಂಗಿನ ನಾರಿನ ಚಾಪೆ ಬಂತು. ಹಾವಸೆ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಮಳೆಗಾಲ ಪೂರ್ತಿ ಹದಿನೈದು ದಿನಕ್ಕೊಮ್ಮೆ ಉಜ್ಜಬೇಕು.

ಬಸ್ಸಿಲ್ಲದ ಕಡೆಯಿಂದ ಒಂದು ಆಟೊ ಅಥವಾ ಓಮ್ನಿ ಗೊತ್ತು ಮಾಡಿ. ಬಾಡಿಗೆಯನ್ನು ಇಗರ್ಜಿಯೇ ಕೊಡಲಿ, ಕೂರುವವರನ್ನು ಕೇಳಬೇಡಿ. ಕೊಡೆ ಇಡಲು ಜಾಗ ಮಾಡಿ. ಮಳೆ ಸದ್ದಿಗೆ ಪ್ರಸಂಗ ಕೇಳದಿದ್ದರೆ ಹಿಂದಕ್ಕೊಂದು ಸ್ಪೀಕರ್ ಜಾಸ್ತಿ ಹಾಕಿ. ಭಾನುವಾರ ಡ್ಯೂಟಿ ಇರುವವರಿಗೆ ಶನಿವಾರ ಸಂಜೆಯ ಪೂಜೆ ದೊಡ್ಡ ಉಪಕಾರ. ಕಥೋಲಿಕ ಸಭೆಯ ನಿಯಮದಂತೆ ಅದು ಭಾನುವಾರದ ಪೂಜೆಗೆ ಸಮ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಕಾರವಾರದಿಂದ ಗೋವಾಕ್ಕೆ ಕೆಲಸಕ್ಕೆ ಹೋಗುವವರು ತುಂಬ ಇರುವ ಕಡೆ ಫಾದರ್ ಜೊತೆ ಕೂತು ಈ ಬಗ್ಗೆ ಮಾತಾಡಿ.

ವಾಪಸ್ ಬರಲು ಒಂದು ದಿನ ಕೊಡಿ

ಸುಮ್ನೆ ‘ಬನ್ನಿ’ ಅಂದರೆ ಯಾವಾಗ ಬರುವುದು? ಸಂಕೋಚ ಇರುವವರಿಗೆ ಎಲ್ಲರೂ ಬರುವ ದಿನ ಬೇಕು. ನಮಗೆ ಅದು ಸಿದ್ಧವಾಗಿಯೇ ಇದೆ. ಸೆಪ್ಟೆಂಬರ್ 8, ಮರಿಯಮ್ಮನವರ ಹುಟ್ಟುಹಬ್ಬ. ನಮ್ಮ ಮೊಂತಿ ಫೆಸ್ತ್, ತೆನೆ ಹಬ್ಬ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನ ಎಂಬ ಪ್ರಾರ್ಥನೆ. ಮಕ್ಕಳು ಹಿತ್ತಲ ಹೂವು ತಂದು ಮಾತೆಗೆ ಹಾಕುತ್ತಾರೆ. ಮಳೆಯೂ ಆ ಹೊತ್ತಿಗೆ ಇಳಿಮುಖ.

ಒಂದೊಂದು ದಿನ ಒಂದೊಂದು ವಾಡೆಗೆ ವಹಿಸಿ. ವಾಚನ, ಹಾಡು, ಪ್ರಾರ್ಥನೆ ಎಲ್ಲ ಆ ವಾಡೆಯವರದೇ. ಬಾರದೆ ಇದ್ದ ಮನೆಯವರಿಗೆ ಚಿಕ್ಕದಾದರೂ ಒಂದು ಕೆಲಸ ಕೊಡಿ. ಮೌಶಿಗೆ ನಾವು ಕೊಟ್ಟಿದ್ದು ಮಕ್ಕಳ ಹೂವಿನ ಬುಟ್ಟಿ ನೋಡಿಕೊಳ್ಳುವ ಕೆಲಸ. ಕುರ್ಚಿ ಮೇಲೆ ಕೂತೇ ಮಾಡಬಹುದು. ಒಂಬತ್ತು ದಿನವೂ ಬಂದರು. ಬೋಟಿನ ಹುಡುಗರಿಗೆ ತೆನೆಯ ಮಂಟಪ ಕಟ್ಟಲು ಹೇಳಿದೆವು. ಹಗ್ಗದ ಗಂಟು ಅವರಷ್ಟು ಚೆನ್ನಾಗಿ ಹಾಕುವವರು ಯಾರಿದ್ದಾರೆ?

ಹಬ್ಬದ ದಿನ ಆಶೀರ್ವದಿಸಿದ ತೆನೆಯನ್ನು ಮನೆಗೊಂದರಂತೆ ಹಂಚುತ್ತಾರೆ. ಮನೆಯಲ್ಲಿ ಅದರ ಕಾಳು ಬಿಡಿಸಿ, ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಸೇರಿ ಉಣ್ಣುತ್ತಾರೆ. ಪಟ್ಟಿಯಲ್ಲಿದ್ದೂ ಅಂದು ಬಾರದ ಮನೆಗಳಿಗೆ ಪೂಜೆ ಮುಗಿದ ಕೂಡಲೇ ತೆನೆ ತಲುಪಿಸಿ. ಮಧ್ಯಾಹ್ನದ ಊಟದ ಒಳಗೇ ತಲುಪಬೇಕು. ಮರುದಿನ ಕೊಟ್ಟರೆ ಉಳಿದದ್ದು ಕೊಟ್ಟ ಹಾಗಾಗುತ್ತದೆ.

ಹಬ್ಬದ ನಂತರದ ಭಾನುವಾರ

ಹಬ್ಬಕ್ಕೆ ಎಲ್ಲರೂ ಬರುತ್ತಾರೆ. ಅದರ ನಂತರದ ಎರಡು ಭಾನುವಾರ ಮತ್ತೆ ಎಣಿಸಿ, ಪಟ್ಟಿಯ ಜೊತೆ ಹೋಲಿಸಿ. ಬಂದವರನ್ನು ‘ಓಹೋ, ಈಗ ದಾರಿ ಗೊತ್ತಾಯ್ತಾ’ ಎಂದು ಯಾರೂ ತಮಾಷೆ ಮಾಡದಂತೆ ಮೊದಲೇ ಹೇಳಿಡಿ. ಆ ಒಂದು ಮಾತು ಸಾಕು, ಮತ್ತೆ ಬರುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪೂಜೆಯ ಸಮಯ ಹಾಕಿ, ಹೆಸರು ಹಾಕಬೇಡಿ. ಇನ್ನೂ ಬಾರದವರ ಮನೆಗೆ ಫಾದರ್ ಹೋಗುವ ಹೊತ್ತು ಇದೇ.

ಅಕ್ಟೋಬರ್ ಜಪಸರದ (ಮಣಿಸರ ಹಿಡಿದು ಮಾಡುವ ಮರಿಯಮ್ಮನವರ ಪ್ರಾರ್ಥನೆಯ) ತಿಂಗಳು. ವಾಡೆಯಲ್ಲಿ ದಿನಕ್ಕೊಂದು ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಂಡು, ಮಳೆಗಾಲದಲ್ಲಿ ದೂರವಾಗಿದ್ದ ಮನೆಗಳನ್ನು ಮೊದಲ ವಾರವೇ ಸೇರಿಸಿ. ಈ ವರ್ಷ ನಮ್ಮ ವಾಡೆಯ ಮೊದಲ ಜಪಸರ ಮೌಶಿಯ ಮನೆಯಲ್ಲಿ. ಚಹಾ, ಅವಲಕ್ಕಿ ತನ್ನದೇ, ಯಾರೂ ಏನೂ ತರಬಾರದು ಎಂದು ಈಗಲೇ ಹೇಳಿ ಕಳಿಸಿದ್ದಾರೆ.